ಜರ್ಟ್ರೂಡ್ ಬಾಯಿ ಫೋಟೊ ನೋಡಿದರೆಂದರೆ

ದೋಹಾದ ಅಬು ಹಮೂರಿನ ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿದು ಜನ ಪಾರ್ಕಿಂಗ್ ಕಡೆಗೆ ಹೊರಟರೆಂದರೆ ಜರ್ಟ್ರೂಡ್ ಬಾಯಿಯ ಅಸಲು ಕೆಲಸ ಶುರುವಾಗುತ್ತಿತ್ತು. ಮದುವೆಯ ವಯಸ್ಸಿನ ಮಕ್ಕಳಿರುವ ತಾಯಂದಿರು ಬಂದು ಮೊಬೈಲ್ ಮುಂದೆ ಹಿಡಿಯುತ್ತಿದ್ದರು. ಊರಿನಿಂದ ಬಂದ ಪ್ರಪೋಸಲ್ ಇರಲಿ, ದೋಹಾದ್ದೇ ಇರಲಿ, ಬಾಯಿ ಫೋಟೊ ನೋಡದೆ ಯಾರೂ ಮುಂದಿನ ಮಾತು ಆಡುತ್ತಿರಲಿಲ್ಲ. ಶಿರ್ವದಿಂದ ಮದುವೆಯಾಗಿ ಬಂದಾಗಿನಿಂದ ಶಾಲೆಯೊಂದರ ಕಚೇರಿಯಲ್ಲಿ ಮಕ್ಕಳ ಐಡಿ ಕಾರ್ಡಿನ ಫೋಟೊ ನೋಡಿ ನೋಡಿ ಅವರ ಕಣ್ಣು ಪಳಗಿತ್ತು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

"ಹುಡುಗ ಒಳ್ಳೆಯವನ ಹಾಗೆ ಕಾಣ್ತಾನಲ್ಲ ಬಾಯಿ?" ಎಂದು ಒಮ್ಮೆ ಕ್ಯಾರೊಲ್ ತನ್ನ ಮಗಳಿಗೆ ಬಂದ ಫೋಟೊ ತೋರಿಸಿ ಕೇಳಿದ್ದಳು.

"ಒಳ್ಳೆಯತನ ಫೋಟೊದಲ್ಲಿ ಕಾಣುದಿಲ್ಲ ಮಾರಾಯ್ತಿ. ನೀಲಿ ಶರ್ಟ್ ಕಾಣ್ತದೆ. ಮೊದಲು ಕಂಡದ್ದು ಹೇಳು, ಅಂದಾಜು ಆಮೇಲೆ ಮಾಡುವ."

ಆ ಹುಡುಗ ಅಲ್ ರಯ್ಯಾನಿನ ವಿಲ್ಲಾ ಒಂದರ ಮುಂದೆ ಯಜಮಾನನ ಗತ್ತಿನಲ್ಲಿ ನಿಂತಿದ್ದ. ಬಾಯಿ ಅವನನ್ನು ಬಿಟ್ಟು ಬಾಗಿಲ ಬಳಿಯ ಚಪ್ಪಲಿ ರಾಶಿಯನ್ನು ದೊಡ್ಡದು ಮಾಡಿ ನೋಡಿದರು. ಅಷ್ಟೂ ಗಂಡಸರದ್ದೇ. ವಿಲ್ಲಾ ಅವನದಲ್ಲ, ಅದರೊಳಗೊಂದು ಬಾಡಿಗೆಯ ಮಂಚ ಮಾತ್ರ ಅವನದು ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಇಂಥ ಕಣ್ಣು ಊರಿನವರಿಗೆಲ್ಲ ಉಪಕಾರಕ್ಕೆ ಬಂದರೂ ಸ್ವಂತ ಮಗಳು ವೆನಿಟಾಗೆ ಮುಳುವಾಗಿತ್ತು. ಅವಳಿಗೆ ಬಂದ ಫೋಟೊಗಳಲ್ಲಿ ಒಂದೂ ಪಾಸಾಗಲಿಲ್ಲ. "ನಿನ್ನ ಕಣ್ಣಿಗೆ ಹಿಡಿಸುವ ಹುಡುಗ ಇನ್ನು ಹುಟ್ಟಬೇಕಷ್ಟೆ," ಎಂದು ಗಂಡ ಯೂಸ್ಟೇಸ್ ಪೇಪರಿನ ಮರೆಯಿಂದ ಹೇಳುತ್ತಿದ್ದರು. ಬಾಯಿ ಮೇಲ್ನೋಟಕ್ಕೆ ರೇಗಿದರೂ ಒಳಗೊಳಗೇ ಹೆದರಿದ್ದರು. ತನ್ನಿಂದಲೇ ಮಗಳ ಮದುವೆ ನಿಂತುಹೋದರೆ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು.

ಒಂದು ಶುಕ್ರವಾರ ಬಾಯಿಯ ಗೆಳತಿ ರೋಸಿ, ವೆನಿಟಾಗೆ ಪ್ರಪೋಸಲ್ ಎಂದು ತನ್ನ ಅಕ್ಕನ ಮಗ ಜೋವಿನ್‌ನ ಫೋಟೊ ಕಳಿಸಿದಳು. ಪೂಜೆಯಿಂದ ಅಲ್ ವಕ್ರಾದ ತಮ್ಮ ಮನೆಗೆ ಬಂದು, ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು ಬಾಯಿ ಕುಳಿತರು. ಈ ಸಲ ಹೇಗಾದರೂ ಒಪ್ಪಬೇಕೆಂದೇ ಕುಳಿತಿದ್ದರು.

"ಸಮುದ್ರ. ಕಟ್ಟೆ ಮೇಲೆ ಹುಡುಗ. ಕೈಯಲ್ಲಿ ಚಾ. ಶರ್ಟಿಗೆ ಇಸ್ತ್ರಿ ಇಲ್ಲ, ಹಾಗಾದ್ರೆ ಪ್ರಪೋಸಲಿಗೆ ಅಂತ ತೆಗೆದದ್ದಲ್ಲ. ಒಳ್ಳೆಯದೇ." ಬಾಯಿಯ ಮುಖ ಅರಳಿತು. ಮರುಕ್ಷಣ ಬೆರಳು ಪರದೆಯ ಮೇಲೆ ನಿಂತಿತು. "ಪಕ್ಕದಲ್ಲಿ ಇನ್ನೊಂದು ಕಪ್ ಉಂಟು. ಅದು ಫೋಟೊ ತೆಗೆದವರದ್ದು. ಇವನು ಕ್ಯಾಮೆರಾ ನೋಡಿ ನಗುದಲ್ಲ, ಅದರ ಹಿಂದೆ ಇರುವವರನ್ನು ನೋಡಿ ನಗುದು. ಗೆಳೆಯನನ್ನು ನೋಡಿ ಯಾರಾದ್ರೂ ಹೀಗೆ ನಗ್ತಾರಾ? ಇವನಿಗೆ ಒಬ್ಬಳು ಹುಡುಗಿ ಉಂಟು. ಬೇಡ ಅಂತ ರೋಸಿಗೆ ಹೇಳ್ತೇನೆ."

ವೆನಿಟಾ ಫೋನಿಗೆ ಕೈ ಅಡ್ಡ ಹಿಡಿದಳು. "ಮಮ್ಮಿ, ಬೇಡ ಅಂತ ಹೇಳ್ಬೇಡ. ಅದು ತೆಗ್ದದ್ದು ನಾನೇ."

ಯೂಸ್ಟೇಸ್ ಪೇಪರ್ ಕೆಳಗಿಳಿಸಿದರು.

ಕತೆ ಒಂದೊಂದಾಗಿ ಹೊರಬಿತ್ತು. ಪ್ರೀತಿ ಎಂದರೆ ಮಮ್ಮಿ ಹುಳುಕು ಹುಡುಕುತ್ತಾಳೆಂದು ಹೆದರಿ, ಇಬ್ಬರೂ ರೋಸಿಯ ಕೈಕಾಲು ಹಿಡಿದು, ಇದನ್ನು ಸಾಮಾನ್ಯ ಪ್ರಪೋಸಲಿನ ಹಾಗೆ ಕಳಿಸುವಂತೆ ಮಾಡಿದ್ದರು. ಜೋವಿನ್ ಪೆದ್ದ, ಸ್ಟುಡಿಯೋ ಫೋಟೊ ಕೊಡುವುದು ಬಿಟ್ಟು ತನಗೆ ಇಷ್ಟವಾದದ್ದನ್ನೇ ಕೊಟ್ಟಿದ್ದ.

ಬಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಊರವರ ಮಕ್ಕಳ ಫೋಟೊ ತಿರುವಿ ತಿರುವಿ ನೋಡಿದವರು ಮನೆಯಲ್ಲೇ ಓಡಾಡುವ ಮಗಳ ಮುಖವನ್ನು ನೋಡಿರಲಿಲ್ಲ. ಈಗ ನೋಡಿದರು. ಎಲ್ಲ ಎದ್ದು ಕಾಣುತ್ತಿತ್ತು, ಅಂದಾಜು ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ. ಅವರು ರೋಸಿಗೆ ಫೋನ್ ಮಾಡಿದರು.

"ಫೋಟೊ ನೋಡಿದೆ ರೋಸಿ. ನಿನ್ನ ಹುಡುಗನಿಗೆ ಬೇರೆ ಹುಡುಗಿ ಉಂಟು."

"ಅಯ್ಯೋ ಬಾಯಿ, ಅದು ಹಾಗಲ್ಲ..." ಎಂದು ಆ ಕಡೆ ರೋಸಿ ಶುರುಮಾಡಿದಳು.

"ಮನೆಯವರನ್ನು ಕರ್ಕೊಂಡು ಬೇಗ ಬರ್ಲಿಕ್ಕೆ ಹೇಳು ಮಾರಾಯ್ತಿ. ಅವಳು ಇಲ್ಲಿ ನನ್ನ ಎದುರಲ್ಲೇ ಕೂತು ಅಳ್ತಾ ಇದ್ದಾಳೆ."