ಗ್ರಾಫಿಕ್ಸ್ ಅದರೊಳಗೇ ಇದೆ

ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವ ಅಂಗಡಿಯಾತನಿಗೆ ಹನ್ನೆರಡು ವರ್ಷ ಹಿಂದಿನ ಪ್ರೊಸೆಸರ್ ಎಂದರೆ ಪಂಚಪ್ರಾಣ. ಗಿರಾಕಿ ಬಾಯಿ ತೆರೆಯುವ ಮೊದಲೇ, “ಎರಡು ಕೋರ್ ಇದೆ ಸ್ವಾಮಿ, ಚಿತ್ರ ಮೂಡಿಸೋ ಗ್ರಾಫಿಕ್ಸ್ ಅದರೊಳಗೇ ಇದೆ, ಅದಕ್ಕೆ ಬೇರೆ ಕಾರ್ಡ್ ಯಾಕೆ ದಂಡಕ್ಕೆ?” ಎಂದು ಶುರುಮಾಡುತ್ತಾನೆ. ರಸ್ತೆಯಲ್ಲಿ ನಿಂತೇ ಫ್ಯಾನಿನ ಸದ್ದಿನಿಂದ ಯಂತ್ರದ ವಯಸ್ಸು ಹೇಳಬಲ್ಲ. ಆದರೆ ಓದುವ ಹುಡುಗಿಯೊಬ್ಬಳು, “ಕಾರ್ಟೂನ್ ಸಿನಿಮಾ ಮಾಡೋದು ಕಲೀತಿದೀನಿ ಅಂಕಲ್” ಎಂದರೆ ಮಾತ್ರ ತೋರಿಸುತ್ತಿದ್ದ ಲ್ಯಾಪ್‌ಟಾಪನ್ನು ಮುಚ್ಚಿ ಒಳಗಿಡುತ್ತಾನೆ. ಅದನ್ನೇ ಕಲಿಯಹೊರಟ ಮಗಳಿಗೂ ಅವನು ಇಂಥದೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಟ್ಟಿದ್ದ. “ಅಪ್ಪಾ, ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಬೇಕು, ಒಂದೊಂದು ಮೂಡೋಕೂ ಅರ್ಧ ಗಂಟೆ ತಗೊಳ್ಳತ್ತೆ, ಇದರ ಕೈಲಾಗಲ್ಲ” ಎಂದು ಅವಳು ಅತ್ತಾಗ, “ಕೈಲಾಗದೋಳು ನೀನು” ಎಂದು ರೇಗಿದ್ದ. ಅವಳು ಅದನ್ನೇ ನಂಬಿ ಕಲಿಕೆ ಬಿಟ್ಟಳು. ಈಗ ಅಂಥ ಹುಡುಗಿಯರನ್ನು ಎದುರಿನ, ಹೊಸ ಲ್ಯಾಪ್‌ಟಾಪ್ ಮಾರುವ ಅಂಗಡಿಗೆ ತಾನೇ ಕರೆದೊಯ್ದು ಬಿಟ್ಟುಬರುತ್ತಾನೆ.