ತೀರ್ಮಾನಕ್ಕೆ ಕಾರಣ ಕೇಳುವ ಟೀಚರಕ್ಕ

ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಹೆಂಗಸನ್ನು ನಮ್ಮ ಬೀದಿಯವರೆಲ್ಲ ಟೀಚರಕ್ಕ ಎನ್ನುತ್ತಾರೆ. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದವಳು. ಕೋಣೆ ಮಾತ್ರ ಅವಳದೇ, ಅಪ್ಪ ಅವಳಿಗೆಂದೇ ಬಿಟ್ಟುಹೋದದ್ದು. ಸಂಜೆ ಅಲ್ಲಿಗೆ ದರ್ಜಿಗಳು, ನರ್ಸಮ್ಮಂದಿರು, ಲಾರಿ ಡ್ರೈವರುಗಳು ಬರುತ್ತಾರೆ. ಅವಳು ಯಾರಿಗೂ ಅರ್ಥ ಉರುಹೊಡೆಸಿದವಳಲ್ಲ. ‘ಥಿಂಕ್ ಓವರ್’ ಎಂದರೆ ಸುಮ್ಮನೆ ಕೂತು ನಿಮ್ಮ ಮನೆಯದೇ ಒಂದು ತೊಡಕನ್ನು ತಿರುವಿ ಹಾಕಿ ನೋಡಬೇಕು. ‘ವೇ ಅಪ್’ ಎಂದರೆ ಎರಡು ಕಡೆಯನ್ನೂ ತೂಗಿ ಹೇಳಬೇಕು. ‘ರೂಲ್ ಔಟ್’ ಎಂದರೆ ಆಗಹೋಗದ್ದನ್ನು ಬೋರ್ಡಿನ ಮೇಲೆ ಬರೆದು ನೀವೇ ಒರೆಸಬೇಕು. ಕೊನೆಗೆ ‘ಡಿಸೈಡ್ ಆನ್’ ಬಂದಾಗ ಎದ್ದು ನಿಂತು ತೀರ್ಮಾನ ಹೇಳಬೇಕು. ಹೇಳಿದವರನ್ನು ಇಡೀ ತರಗತಿ ‘ಯಾಕೆ?’ ಎಂದು ಕೇಳುತ್ತದೆ. ಕಾರಣ ಸಾಲದಿದ್ದರೆ ಮತ್ತೆ ಕೂರಬೇಕು.

ನನಗೆ ಹೊಟ್ಟೆ ಉರಿಯುವುದು ಅವಳ ಅಣ್ಣನನ್ನು ನೆನೆದರೆ. ಪೇಂಟ್ ವ್ಯಾಪಾರಿ. ಹೆಂಡತಿ ಮತ್ತು ಭಾವಮೈದುನನೊಡನೆ ಊಟಕ್ಕೆ ಕೂತು ತಂಗಿಯ ಕೋಣೆಯನ್ನು ಗೋದಾಮು ಮಾಡುವುದೆಂದು ನಿಶ್ಚಯಿಸಿದ. ಅವರಿಗೆ ಬಡಿಸುತ್ತಿದ್ದವಳೇ ಅವಳು. ಅವಳು ಬಂದಾಗಲೆಲ್ಲ ಮೂವರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರಂತೆ.

ಮರುದಿನ ಅಣ್ಣ ಪಾಠದ ನಡುವೆಯೇ ಚಪ್ಪಲಿ ಕಾಲಲ್ಲಿ ನುಗ್ಗಿ ಬೋರ್ಡಿನ ಮುಂದೆ ನಿಂತ. “ಈ ಕೋಣೆ ನನ್ನ ಮಾಲಿಗೆ ಬೇಕು. ಮನೇಲೆಲ್ಲ ಕೂತು ತೀರ್ಮಾನ ಮಾಡಿದ್ದೀವಿ.”

ಹಿಂದಿನ ಬೆಂಚಿನ ಡ್ರೈವರ್, ಅದು ಪಾಠವೋ ಜಗಳವೋ ತಿಳಿಯುವ ಮೊದಲೇ, ಅಭ್ಯಾಸಬಲದಿಂದ “ಯಾಕೆ?” ಎಂದುಬಿಟ್ಟ. ಉಳಿದವರೂ ದನಿಗೂಡಿಸಿದರು. ಅಂಗಡಿ ಸಣ್ಣದು ಎಂದ ಅಣ್ಣ. ಯಾಕೆ? ಮಾಲು ಹೆಚ್ಚು ತರಿಸಿದ್ದೇನೆ ಎಂದ. ಯಾಕೆ? ಭಾವಮೈದುನ ಹೇಳಿದ ಎಂದ. ಆಗ ನರ್ಸಮ್ಮ, ಟೀಚರಕ್ಕನನ್ನು ಕೇಳಿದಿರಾ ಎಂದಳು.

“ಅವಳನ್ನೇನು ಕೇಳೋದು? ಅನ್ನ ಹಾಕ್ತಿರೋದು ನಾನು.”

ಅವಳ ಸಂಪಾದನೆಯಿಂದಲೇ ಅವನ ಒಲೆ ಉರಿದ ದಿನಗಳನ್ನು ಆ ಮಹಾರಾಯ ನುಂಗಿ ನೀರು ಕುಡಿದಿದ್ದ.

“ಕೂತ್ಕೊ ಅಣ್ಣ,” ಎಂದಳು ಟೀಚರಕ್ಕ. “ಕಾರಣ ಸಾಲದು. ಇನ್ನೊಂದ್ಸಲ ಯೋಚ್ನೆ ಮಾಡು.”

ತರಗತಿ ಗೊಳ್ಳೆಂದಿತು. ಅವನು ಮುಖ ಕೆಂಪಗೆ ಮಾಡಿಕೊಂಡು ಇಳಿದುಹೋದ.

ಮರುದಿನ ಬಾಗಿಲಿಗೆ ಹೊಸ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಬೆಂಚುಗಳ ಮೇಲೆಲ್ಲ ಪೇಂಟ್ ಡಬ್ಬಗಳು. ಅವಳು ಮೆಟ್ಟಿಲ ಮೇಲೆ ಕೂತಳು. ಸುಮ್ಮನಿದ್ದರೆ ಅಣ್ಣನ ಮನೆಯ ಒಂದು ಮೂಲೆ ಉಳಿಯುತ್ತದೆ, ಪಾಠ ಹೋಗುತ್ತದೆ. ಬೀಗ ಒಡೆದರೆ ಆ ಮನೆಯ ಋಣ ತೀರಿತು. ಮಧ್ಯಾಹ್ನವಿಡೀ ತೂಗಿದಳು. ಸಂಜೆ ಕೆಳಗಿಳಿದು ಟಯರ್ ಅಂಗಡಿಯವನಿಂದ ಕಬ್ಬಿಣದ ಸಬ್ಬಲ್ ತಂದಳು. ನಾನು ಒಡೀತೀನಿ ಎಂದು ಬಂದ ಡ್ರೈವರನ್ನು ಮುಟ್ಟಗೊಡದೆ ತಾನೇ ಒಡೆದಳು. ಡಬ್ಬಗಳನ್ನು ಹೊತ್ತು ಅಣ್ಣನ ಅಂಗಡಿಯ ಮುಂದೆ ಒಪ್ಪವಾಗಿ ಜೋಡಿಸಿದಳು.

ಕತ್ತಲಾಗುವ ಮೊದಲೇ ಅತ್ತಿಗೆ ಅವಳ ಟ್ರಂಕನ್ನು ಹೊಸಲಾಚೆ ಇಟ್ಟಳು.

ಈಗ ಅವಳ ಅಡುಗೆ, ಹಾಸಿಗೆ, ಪಾಠ ಎಲ್ಲ ಆ ಕೋಣೆಯಲ್ಲೇ. ಹೆಂಗಸು ದುಡುಕಿದಳು, ತಗ್ಗಿ ನಡೆಯಬೇಕಿತ್ತು ಎಂದು ಬೀದಿಯ ಹಿರೀಕರು ಇಂದಿಗೂ ಗೊಣಗುತ್ತಾರೆ. ದುಡುಕಿದವಳು ಅವಳೇ? ಆ ಮೂವರು ಒಂದು ಊಟ ಮುಗಿಯುವಷ್ಟರಲ್ಲಿ ಅವಳ ಬದುಕನ್ನು ಇತ್ಯರ್ಥ ಮಾಡಿ ಕೈ ತೊಳೆದುಕೊಂಡರಲ್ಲ, ಅವರನ್ನು ಈ ಹಿರೀಕರಲ್ಲಿ ಯಾವನೂ ‘ಯಾಕೆ?’ ಎಂದು ಕೇಳಲಿಲ್ಲ.