ಬೆನ್ನು ಸೀಳಿದ ಕೋಟು

ನಮ್ಮ ಅಂಗಡಿಯ ಗೋಡೆಯ ಮೊಳೆಗೆ ಒಂದು ಕರಿ ಕೋಟು ಸದಾ ನೇತಾಡುತ್ತಿರುತ್ತದೆ. ಬೈಲಹೊಂಗಲದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಂಡ ಎಷ್ಟೋ ಗಂಡಸರು ಅದರೊಳಗೆ ಒಮ್ಮೆಯಾದರೂ ಕೈ ತೂರಿಸಿದವರೇ. ಕೊರಳಪಟ್ಟಿಗೆ ಪೌಡರಿನ ಕಲೆ, ತೋಳಿನಲ್ಲಿ ಯಾರ್ಯಾರದೋ ಬೆವರು. ಅದರ ಗುಟ್ಟು ಮಾತ್ರ ಬೆನ್ನಿನಲ್ಲಿದೆ. ಸಣಕಲನಿಗೂ ಡೊಳ್ಳುಹೊಟ್ಟೆಯವನಿಗೂ ಒಂದೇ ಕೋಟು ಆಗಬೇಕಲ್ಲ, ಅದಕ್ಕಾಗಿ ನಮ್ಮ ಮಾಲಕರು ಅದರ ಬೆನ್ನನ್ನು ಕೊರಳಿನಿಂದ ಕೆಳತುದಿಯವರೆಗೆ ಸೀಳಿ ಎರಡು ಕಡೆ ಲಾಡಿ ಹಚ್ಚಿದ್ದಾರೆ. ಫೋಟೋದಲ್ಲಿ ಬೆನ್ನು ಯಾರಿಗೆ ಕಾಣಬೇಕು? ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಈ ಕೋಟು ನೋಡಿಯೇ ಹುಟ್ಟಿರಬೇಕು ಎಂದು ನಾನು ಬಂದವರೆದುರು ನಗೆಯಾಡುತ್ತಿದ್ದೆ. ಹಾಗೆ ನಗೆಯಾಡಿದವಳೇ ಒಂದು ಸೋಮವಾರ ಅದನ್ನು ಹಾಕಿಕೊಂಡು ಬೆಳಗಾವಿಗೆ ಇಂಟರ್‌ವ್ಯೂಗೆ ಹೋದೆ.

ಅಂಗಡಿಯ ಮುಂಭಾಗ ಫೋಟೋ ಸ್ಟುಡಿಯೋ, ಹಿಂಭಾಗ ಫ್ಲೆಕ್ಸ್. ಆ ಹಿಂಭಾಗದಲ್ಲಿ ಕಂಪ್ಯೂಟರಿನ ಮುಂದೆ ಆರು ವರ್ಷ ಕೂತವಳು ನಾನು. ಕಿತ್ತೂರಿನ ಮದುವೆ, ಸವದತ್ತಿಯ ಗೃಹಪ್ರವೇಶ, ರಾಮದುರ್ಗದ ಕಿರಾಣಿ ಅಂಗಡಿಯ ಉದ್ಘಾಟನೆ, ತೊಟ್ಟಿಲು, ಹುಟ್ಟುಹಬ್ಬ, ಶ್ರದ್ಧಾಂಜಲಿ ಎಲ್ಲವೂ ನನ್ನ ಕೈಯಿಂದಲೇ ಹಾದು ಹೋದವು. ಬನಿಯನ್ನಿನಲ್ಲಿ ಬಾಯಿ ತೆರೆದು ನಿಂತವನ ಫೋಟೋ ತಂದುಕೊಟ್ಟು, ‘ಸ್ವಲ್ಪ ಸ್ಟ್ಯಾಂಡರ್ಡ್ ಕಾಣಂಗ ಮಾಡ್ರಿ’ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ನನ್ನ ಬಳಿ ಇಪ್ಪತ್ತು ನಮೂನೆಯ ಕೋಟುಗಳಿವೆ. ತಲೆ ಕತ್ತರಿಸಿ ಕೋಟಿನ ಮೇಲೆ ಕೂರಿಸಿ, ಕೊರಳಿನ ಬಣ್ಣ ಸರಿ ಮಾಡಿದರೆ ಮುಗಿಯಿತು. ಚಹಾ ಬರುವಷ್ಟರಲ್ಲಿ ಒಬ್ಬನನ್ನು ಸಾಹೇಬನನ್ನಾಗಿ ಮಾಡಿಬಿಡುತ್ತಿದ್ದೆ.

ಈಗೀಗ ಜನ ಮೊಬೈಲಿನಲ್ಲೇ ತಾವೇ ಮಾಡಿಕೊಂಡು ಬಂದು ‘ಪ್ರಿಂಟ್ ಅಷ್ಟ ಹೊಡೀರಿ’ ಅನ್ನತೊಡಗಿದ್ದರು. ನನ್ನ ಕುರ್ಚಿ ಇನ್ನೆಷ್ಟು ದಿನ ಎಂಬ ಚಿಂತೆ ಒಂದು ಕಡೆ. ಅದಕ್ಕಿಂತ ಹೆಚ್ಚು ಚುಚ್ಚುವ ಮಾತು ಇನ್ನೊಂದಿತ್ತು. ‘ನಿಮ್ಮ ಮಗಳು ಏನ ಮಾಡತಾಳ?’ ಎಂದು ಯಾರಾದರೂ ಕೇಳಿದರೆ ಅವ್ವ ‘ಫ್ಲೆಕ್ಸ್ ಅಂಗಡ್ಯಾಗ ಅದಾಳ’ ಅನ್ನುತ್ತಿದ್ದಳು. ಡಿಸೈನರ್ ಅನ್ನು ಎಂದು ಎಷ್ಟು ಸಲ ಹೇಳಿಕೊಟ್ಟರೂ ಅವಳ ನಾಲಿಗೆ ಹೊರಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ನಾನು ಮಾಡುತ್ತಿರುವುದು ಡಿಸೈನೋ, ಬರೀ ತಲೆ ಅಂಟಿಸುವುದೋ? ಬೆಳಗಾವಿಯಲ್ಲಿ ಬೆಲ್ಲ, ಮಸಾಲೆ, ಸಿಹಿತಿಂಡಿಗಳ ಡಬ್ಬಿ ಮತ್ತು ಲೇಬಲ್ ಡಿಸೈನ್ ಮಾಡುವ ಸಣ್ಣ ಕಂಪನಿಯೊಂದು ಕರೆದಾಗ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ ಅನ್ನಿಸಿತು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಮಾಲಕರಿಗೆ ಹೇಳಲಿಲ್ಲ. ಸುರೇಬಾನದಲ್ಲಿ ಅತ್ತೆಯ ಬಸುರಿ ಮಗಳಿಗೆ ಕುಬಸದ ಕಾರ್ಯ, ಸೋಮವಾರ ರಜೆ ಬೇಕು ಎಂದೆ. ‘ಹೋಗಿ ಬಾ ತಂಗಿ’ ಅಂದು ಅವರು ಕ್ಯಾಮರಾ ಒರೆಸುತ್ತ ಕೂತರು. ನನಗೆ ಮಾತ್ರ ಅಂದಿನಿಂದ ಕಾಲು ಸುಟ್ಟ ಬೆಕ್ಕಿನ ಪಾಡು.

ಉಡುವುದೇನು ಎಂಬುದೇ ಮೊದಲ ಜಗಳ. ಡಿಸೈನಿನವರು ಕರಿ ಬಟ್ಟೆಯನ್ನೇ ಹಾಕುತ್ತಾರೆ, ಮೇಲೊಂದು ಬ್ಲೇಜರ್ ಇದ್ದರೆ ತೂಕ ಬರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬಳು ಹೇಳಿದ್ದಳು. ಅವ್ವನ ಮುಖ ಗಂಟಾಯಿತು.

‘ಒಳ್ಳೆ ಕೆಲಸಕ್ಕ ಹೊಂಟಾಗ ಕರೀದು ಯಾಕ? ಸಂಕ್ರಮಣಕ್ಕ ಎಲ್ಲಾರೂ ಕರೀದು ಉಡತಾರ, ಅವತ್ತ ಉಟ್ಕೋ, ಯಾರ ಬ್ಯಾಡಂತಾರ? ಹಸರ ಸೀರಿ ಐತಿ, ಉಟಗೊಂಡು ಹೋಗು.’

‘ಅದು ಮದವಿ ಅಲ್ಲವ್ವಾ, ಇಂಟರ್‌ವ್ಯೂ.’

‘ಅಲ್ಲೂ ಹೆಣ್ಣ ನೋಡಿದಂಗ ನೋಡೇ ನೋಡತಾರಲ್ಲ?’

ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದೆ. ಪೇಟೆಯ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿದೆ. ಕೋಟು ಕೇಳಿದರೆ ಮದುಮಗನ ಸೂಟು ತೆಗೆದು ತೋರಿಸುತ್ತಿದ್ದರು. ಶನಿವಾರ ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಮೊಳೆಯ ಮೇಲಿದ್ದ ಕೋಟು ಕಣ್ಣಿಗೆ ಬಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮಾಲಕರು ಹೊರಗೆ ಬೈಕ್ ಒರೆಸುತ್ತಿದ್ದರು. ಮಡಚಿ ಚೀಲಕ್ಕೆ ತುರುಕಿದೆ. ಗಂಡಸರ ಕೋಟು, ಭುಜ ಒಂದು ಗೇಣು ಜಾಸ್ತಿ. ಆದರೆ ಸೀಳಿದ ಬೆನ್ನನ್ನು ಒಳಗೆ ಎಳೆದು ಹೊಲಿದರೆ ನನ್ನ ಅಳತೆಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ.

ಎರಡನೆಯ ತಾಪತ್ರಯ ಇದಕ್ಕಿಂತ ದೊಡ್ಡದು. ನಾನು ಮಾಡಿದ ಐದು ಕೆಲಸಗಳು ಜನರ ನಡುವೆ ಇರುವಾಗ ತೆಗೆದ ಫೋಟೋ ತರಬೇಕು ಎಂದು ಕಂಪನಿಯವರು ಬರೆದಿದ್ದರು. ನನ್ನ ಕೆಲಸಗಳು ಜನರ ನಡುವೆ ಎರಡು ದಿನ ಇರುತ್ತವೆ. ಆಮೇಲೆ ದನಗಳ ನಡುವೆ ಹೋಗುತ್ತವೆ. ಕಾರ್ಯ ಮುಗಿದ ಮೇಲೆ ಫ್ಲೆಕ್ಸನ್ನು ಯಾರೂ ಬಿಸಾಡುವುದಿಲ್ಲ. ಬಣವೆಗೆ ಹೊದಿಸುತ್ತಾರೆ, ಶೇಂಗಾ ಒಣಹಾಕುತ್ತಾರೆ, ಟ್ರ್ಯಾಕ್ಟರಿಗೆ ಮುಚ್ಚುತ್ತಾರೆ. ಹಾಗಾದರೆ ಅಲ್ಲೇ ಹುಡುಕೋಣ ಎಂದು, ಅಂಗಡಿಗೆ ರಜೆಯಿದ್ದ ರವಿವಾರ ಬೆಳಿಗ್ಗೆ ಸ್ಕೂಟಿ ತೆಗೆದೆ. ಯರಗಟ್ಟಿಯ ಪೇಟೆಯಲ್ಲಿ ನನ್ನ ದೀಪಾವಳಿ ಶುಭಾಶಯವೊಂದು ಉಳ್ಳಾಗಡ್ಡಿಯ ಮೇಲೆ ಮಲಗಿತ್ತು. ದಾರಿಯ ಒಂದು ಹೊಲದಲ್ಲಿ ತೊಟ್ಟಿಲ ಕೂಸು ಬಣವೆಯ ನೆತ್ತಿಯಿಂದ ನಗುತ್ತಿತ್ತು. ರಿಕ್ಷಾದ ಬೆನ್ನಿಗೆ ಕಟ್ಟಿದ್ದ ಹುಟ್ಟುಹಬ್ಬ, ಚಹಾ ಅಂಗಡಿಯ ಮಾಡಿಗೆ ಹೊದಿಸಿದ್ದ ಗೃಹಪ್ರವೇಶ ಸೇರಿ ನಾಲ್ಕಾದವು. ಐದನೆಯದಕ್ಕೆ ದೊಡವಾಡಕ್ಕೆ ಹೋದೆ. ಅಲ್ಲಿ ಒಬ್ಬ ಮುದುಕರ ಶ್ರದ್ಧಾಂಜಲಿ ಫ್ಲೆಕ್ಸನ್ನು ಹಿಂದಿನ ವರ್ಷ ಬಹಳ ಚೊಕ್ಕಟವಾಗಿ ಮಾಡಿದ್ದೆ, ಅಂಗಡಿಯಲ್ಲಿ ಎಲ್ಲರೂ ಹೊಗಳಿದ್ದರು.

ಮನೆಯ ಮುಂದೆ ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಫ್ಲೆಕ್ಸಿನ ಫೋಟೋ ಬೇಕು ಆಯಿ ಎಂದೆ. ಆಕೆ ಎದ್ದು ಒಳಗೆ ಕರೆದುಕೊಂಡು ಹೋದಳು. ದೇವರ ಗೂಡಿನ ಪಕ್ಕದಲ್ಲಿ ಮೊರದಷ್ಟು ಅಗಲದ ಒಂದು ತುಂಡು ಅಂಟಿಸಿತ್ತು. ಬರೀ ಮುಖ. ಕೊರಳಿನ ಸುತ್ತ ಕತ್ತರಿಯಿಂದ ದುಂಡಗೆ ಕತ್ತರಿಸಲಾಗಿತ್ತು.

‘ಉಳದದ್ದು ಎಲ್ಲಿ ಹೋತರಿ ಆಯಿ?’

‘ಕೊಟ್ಟಿಗ್ಯಾಗ ಕರದ ಬುಡಕ ಹಾಸೇನಿ. ಆ ಕೋಟ ನಮ್ಮನಿಯವರದಲ್ಲವಾ. ಮದವ್ಯಾಗ ಸುದ್ದಾ ಕೋಟ ಹಾಕಿದ ಮನಶ್ಯಾ ಅಲ್ಲ. ಧೋತರ, ಅಂಗಿ, ಹೆಗಲ ಮ್ಯಾಲ ಟಾವೆಲ್ಲು. ಮಾರಿ ಅವರದು, ಮೈ ಯಾರದೋ. ದಿನಾ ಮುಂಜಾನೆದ್ದು ಯಾರದೋ ಮೈಗೆ ಕೈ ಮುಗದಂಗ ಅನಸ್ತಿತ್ತು. ಕತ್ತರಿಸಿಬಿಟ್ಟೆ.’ ನನ್ನ ಕಡೆ ತಿರುಗಿ ಕೇಳಿದಳು, ‘ನೀನ ಮಾಡಿದ್ದೇನು ಅದನ್ನ?’

‘ಅಲ್ಲರಿ, ನಮ್ಮ ಅಂಗಡ್ಯಾಗ ಬ್ಯಾರೆಯವರು ಮಾಡಿದ್ರು’ ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು. ಆ ಮುಖದ ಫೋಟೋ ತೆಗೆದುಕೊಂಡು ಹಿಂದೆ ತಿರುಗಿ ನೋಡದೆ ಹೊರಟೆ.

ಮಧ್ಯಾಹ್ನ ಅವ್ವ ಕೋಟಿನ ಬೆನ್ನಿಗೆ ಕಚ್ಚಾ ಹೊಲಿಗೆ ಹಾಕಿದಳು. ನಾನು ಅದರೊಳಗೆ ನಿಂತಿದ್ದೆ, ಆಕೆ ಹಿಂದೆ ಸೂಜಿ ಹಿಡಿದಿದ್ದಳು. ‘ಅಲಗಾಡಬ್ಯಾಡ, ಚುಚ್ಚತೇನಿ’ ಎಂದು ನಾಲ್ಕು ಸಲ ಬೈದಳು. ನಾನು ಅಲುಗಾಡುತ್ತಲೇ ಇದ್ದೆ. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ತಲೆಯನ್ನೂ ಯಾರೋ ಕತ್ತರಿಸಿ ಕೋಟಿನ ಮೇಲೆ ಕೂರಿಸಿದ ಹಾಗಿತ್ತು. ಕೊರಳಿನ ಬಣ್ಣವೂ ಸರಿ ಕೂತಿರಲಿಲ್ಲ. ಅದನ್ನು ಅವ್ವನಿಗೆ ಹೇಳಲಿಲ್ಲ, ಹೇಳಿದ್ದರೆ ಹಸಿರು ಸೀರೆ ಮತ್ತೆ ಹೊರಗೆ ಬರುತ್ತಿತ್ತು.

ಸೋಮವಾರ ಬೆಳಗಾವಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಬಿಸಿಲಿಗೆ ಸೀಟು ಕಾದಿತ್ತು. ಒರಗಿದರೆ ಹೊಲಿಗೆ ಬಿಚ್ಚೀತೆಂದು ದಾರಿಯುದ್ದಕ್ಕೂ ಕೋಲಿನಂತೆ ಕೂತಿದ್ದೆ. ಕೋಟಿನ ಒಳಗಿಂದ ಹಳೆಯ ಪೌಡರಿನ ವಾಸನೆ ಏಳುತ್ತಿತ್ತು. ಮೊಬೈಲಿನಲ್ಲಿ ಐದು ಫೋಟೋಗಳನ್ನು ಹಿಂದೆ ಮುಂದೆ ಸರಿಸಿದೆ. ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ, ಮರೆತೆ, ಮತ್ತೆ ಮಾಡಿದೆ. ಎರಡು ಸಲ ಇಳಿದು ವಾಪಸ್ಸು ಹೋಗಿಬಿಡಲೇ ಅನ್ನಿಸಿತು.

ಕಂಪನಿಯಲ್ಲಿ ಇಬ್ಬರಿದ್ದರು. ಹೆಂಗಸು ಮಾಸಿದ ಹತ್ತಿಯ ಕುರ್ತಾ ತೊಟ್ಟಿದ್ದರು, ಗಂಡಸು ಟೀ ಶರ್ಟು, ಕಾಲಲ್ಲಿ ಚಪ್ಪಲಿ. ವಿಡಿಯೋದವಳಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಫೋಟೋಗಳನ್ನು ಅವರ ಕಂಪ್ಯೂಟರಿನಲ್ಲಿ ತೋರಿಸಿ ಅಂದರು. ಪೆನ್‌ಡ್ರೈವ್ ಹಚ್ಚಲು ಬಗ್ಗಿದೆ. ಬೆನ್ನಲ್ಲಿ ಪರ್ರ್ ಎಂದು ಸದ್ದಾಯಿತು. ಅಲ್ಲಿಂದ ಮುಂದೆ ಗುಡಿಯಲ್ಲಿ ದೇವರಿಗೆ ಬೆನ್ನು ತೋರಿಸದೆ ಹಿಂದೆ ಸರಿಯುವವರ ಹಾಗೆ ನಾನು ಗೋಡೆಗೆ ಬೆನ್ನು ಹಚ್ಚಿಕೊಂಡು ಓಡಾಡಿದೆ.

‘ಝಳ ಭಾಳ ಅದ, ಕೋಟು ತಗದ ಇಡ್ರಿ’ ಅಂದರು ಆ ಹೆಂಗಸು.

ಬೆವರು ಕಣ್ಣಿಗಿಳಿಯುತ್ತಿತ್ತು. ತೆಗೆದು ಕುರ್ಚಿಗೆ ಹಾಕಿದೆ. ಲಾಡಿಗಳು ಜೋತುಬಿದ್ದವು, ದಾರ ನೇತಾಡಿತು. ಇಬ್ಬರೂ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಇದು ಎಂಥಾ ಕೋಟರಿ?’ ಅಂದರು ಆ ಗಂಡಸು.

‘ಫೋಟೋ ತಗಸ್ಕೊಳ್ಳೂ ಕೋಟರಿ. ಮುಂದ ಅಷ್ಟ ಐತಿ.’

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಆದರೂ ನನಗೆ ಮೈ ಉರಿಯಿತು. ಇನ್ನು ಈ ಕೆಲಸ ಸಿಗುವ ಮಾತಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಹಾಗೆ ತೀರ್ಮಾನವಾದ ಮೇಲೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ‘ನಿಮ್ಮ ಕೆಲಸದೊಳಗ ನಿಮಗ ತಪ್ಪ ಅನಸಿದ್ದು ಯಾವುದು?’ ಎಂದು ಆ ಹೆಂಗಸು ಕೇಳಿದಾಗ ಬಾಯಿಪಾಠ ಬಿಟ್ಟು ಐದನೆಯ ಫೋಟೋ ತೆರೆದೆ. ಕೊರಳಿಗೆ ಕತ್ತರಿಸಿದ ಮುಖ.

‘ಇದನ್ನ ಮಾಡಿದಾಕಿ ನಾನ’ ಅಂದೆ. ಎಲ್ಲ ಹೇಳಿದೆ. ದೊಡವಾಡದಲ್ಲಿ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಆ ಮುದುಕರ ಮಗ ವಾಟ್ಸಾಪಿನಲ್ಲಿ ಕಳಿಸಿದ್ದ ಮೂಲ ಫೋಟೋ ಮೊಬೈಲಿನಲ್ಲೇ ಇತ್ತು, ತೋರಿಸಿದೆ. ಮುದುಕರು ಗುಂಡಿ ಬಿಚ್ಚಿದ ಅಂಗಿಯಲ್ಲಿ ನಿಂತಿದ್ದಾರೆ. ಹೆಗಲ ಮೇಲೆ ಟಾವೆಲ್ಲು. ಅಂಚಿನಲ್ಲಿ ಎತ್ತಿನ ಒಂದು ಕೋಡು.

‘ಹಂಗಾರ ಇದರಾಗ ನೀವು ಏನ ಮಾಡಬೇಕಿತ್ತು?’

‘ಏನೂ ಮಾಡಬಾರದಿತ್ತರಿ. ಆ ಕೋಡು ಸುದ್ದಾ ತಗೀಬಾರದಿತ್ತು. ಮಗ ಕೋಟು ಕೇಳಿದ, ಹಾಕಿದೆ. ಆಯೀನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.’

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಫೋನ್ ಮಾಡತೇವಿ ಅಂದರು. ಹಾಗೆಂದವರು ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಮಂಗಳವಾರ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ ಕೋಟನ್ನು ಮೊಳೆಗೆ ಹಾಕಿದೆ. ಹನ್ನೊಂದರ ಹೊತ್ತಿಗೆ ಒಬ್ಬ ಫೋಟೋಕ್ಕೆ ಬಂದ. ಮಾಲಕರು ಅವನ ಬೆನ್ನಿಗೆ ಲಾಡಿ ಕಟ್ಟಲು ಹೋಗಿ ನಿಂತುಬಿಟ್ಟರು. ಸೀಳಿನ ಎರಡೂ ಬದಿಗೆ ಅವ್ವನ ಬಿಳಿ ದಾರ ಹಾಗೇ ಉಳಿದಿತ್ತು. ಒಂದೊಂದೇ ಎಳೆಯನ್ನು ಉಗುರಿನಿಂದ ಕಿತ್ತರು. ಫೋಟೋ ಮುಗಿಸಿ ಅವನನ್ನು ಕಳಿಸಿ, ನನ್ನ ಕಡೆ ನೋಡದೆ ಹೇಳಿದರು:

‘ನಿನ್ನೆ ಮೂರು ಮಂದಿ ಬಂದಿದ್ದರು ಪಾಸ್‌ಪೋರ್ಟ್ ಫೋಟೋಕ್ಕ. ಕೋಟು ಇಸ್ತ್ರೀಗೆ ಹೋಗೇತಿ, ನಾಳೆ ಬರ್ರಿ ಅಂತ ಹೇಳಿ ಕಳಿಸಿದೆ.’

ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ‘ನಿಮಗ ಶನಿವಾರನ ಗೊತ್ತಿತ್ತೇನ್ರಿ ಕಾಕಾ?’

‘ಕುಬಸಕ್ಕ ಕೋಟು ಹಾಕ್ಕೊಂಡು ಹೋಗೂದು ಸುರೇಬಾನದಾಗ ಹೊಸಾ ಪದ್ಧತಿ ಇರಬೇಕು ಅನ್ಕೊಂಡೆ’ ಅಂದರು.

ಗುರುವಾರ ಬೆಳಗಾವಿಯಿಂದ ಫೋನ್ ಬಂತು. ಮುಂದಿನ ತಿಂಗಳಿಂದ ಬನ್ನಿ ಅಂದರು. ಅವ್ವ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ರವಿವಾರ ಮುದುಕರ ಮೂಲ ಫೋಟೋವನ್ನು ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು, ಕಟ್ಟು ಹಾಕಿಸಿ ದೊಡವಾಡಕ್ಕೆ ಒಯ್ದೆ. ಫ್ಲೆಕ್ಸಿನಲ್ಲಿ ಅವರಿಗೆ ಕೋಟು ಹಾಕಿದಾಕಿ ನಾನೇ ಎಂದೂ ಹೇಳಿದೆ. ‘ಅವತ್ತ ನಿನ್ನ ಮಾರಿ ನೋಡಿನ ತಿಳೀತು’ ಅಂದಳು ಆಯಿ. ಎತ್ತಿನ ಕೋಡಿನ ಮೇಲೆ ಬೆರಳಿಟ್ಟು, ಅದು ಯಾವ ಎತ್ತು, ಯಾವ ಸಂತೆಯಿಂದ ತಂದದ್ದು ಎಂದು ಚಹಾ ಆರುವವರೆಗೆ ಹೇಳಿದಳು.

ಅಂಗಡಿ ಬಿಡುವ ದಿನ ಹೊಸ ಕಂಪನಿಯ ಗುರುತಿನ ಚೀಟಿಗೆ ನನ್ನದೊಂದು ಫೋಟೋ ಬೇಕಿತ್ತು. ಬೆಳಿಗ್ಗೆಯಿಂದ ಕಂಪ್ಯೂಟರಿನ ಫೈಲುಗಳನ್ನು ಹೊಂದಿಸಿ, ಹೊಂದಿಸಿದ್ದನ್ನೇ ಮತ್ತೆ ಹೊಂದಿಸಿ ಸಾಕಾಗಿತ್ತು. ಫೋಟೋದ ಸ್ಟೂಲಿನ ಮೇಲೆ ಕೂತು, ರೂಢಿಯಿಂದ ಮೊಳೆಯ ಕಡೆ ಕೈ ಚಾಚಿದೆ.

‘ಕೋಟು ಬ್ಯಾಡ’ ಅಂದರು ಮಾಲಕರು ಕ್ಯಾಮರಾದ ಹಿಂದಿನಿಂದ. ‘ಹಂಗ ಕುಂಡ್ರು. ಅಲಗಾಡಬ್ಯಾಡ.’

ನಾನು ಅಲುಗಾಡಲಿಲ್ಲ.